ಗೋಡೆಯ ರುಚಿ ನೋಡುತ್ತಿದ್ದವರು

ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಒಂದು ಗೋಡೆಯ ರುಚಿ ನೋಡುತ್ತಿದ್ದರು.

ಇಟ್ಟಿಗೆಗಳ ನಡುವಿನ ಗಾರೆಯನ್ನು ತೋರುಬೆರಳಿನಿಂದ ಉಜ್ಜಿ, ಆ ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಸಾರಿಗೆ ಉಪ್ಪು ಸಾಕೋ ಇನ್ನೂ ಬೇಕೋ ಎಂದು ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತಿದ್ದರು. ಅದು ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನ ಒಂದು ಹಳೆಯ ಅಂಗಡಿಯ ಹಿತ್ತಲು. ಹಳೆಯ ಕಟ್ಟಡಗಳು ಭೂಕಂಪಕ್ಕೆ ನಿಲ್ಲುತ್ತವೆಯೇ ಎಂದು ಪರೀಕ್ಷಿಸಿ, ನಿಲ್ಲದಿದ್ದರೆ ಅವನ್ನು ಗಟ್ಟಿ ಮಾಡುವ ದಾರಿ ಹೇಳುವುದು ನಮ್ಮ ಸಣ್ಣ ಆಫೀಸಿನ ಕೆಲಸ. ಹೊಸದಾಗಿ ಸೇರಿದವರೊಬ್ಬರು ನೇರವಾಗಿ ಅಲ್ಲಿಗೇ ಬರುತ್ತಾರೆ ಎಂದು ಬಾಸ್ ಹೇಳಿದ್ದರು. ಬಂದವರು ನೀಲಿ ಸಲ್ವಾರಿನ ಮೇಲೆ ಕಿತ್ತಳೆ ಬಣ್ಣದ ಸೇಫ್ಟಿ ವೆಸ್ಟ್ ಹಾಕಿಕೊಂಡ, ಅರ್ಧ ನೆರೆತ ಜಡೆಯ ಹೆಂಗಸು.

‘ಅಯ್ಯೋ, ಬೇಡ! ಹಳೇ ಬಣ್ಣದಲ್ಲಿ ಸೀಸ ಇರುತ್ತೆ!’ ಎಂದು ಬಾಸ್ ಇಂಗ್ಲಿಷಿನಲ್ಲಿ ಕೂಗಿದರು.

ಅವರು ಕಣ್ಣು ಬಿಟ್ಟು, ‘ಉಪ್ಪಿಲ್ಲ. ಬರೀ ಮಳೆ’ ಎಂದು ಅದೇ ಭಾಷೆಯಲ್ಲಿ ವರದಿ ಒಪ್ಪಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ನೀ ಕನ್ನಡದಾಂವ ಹೌದಿಲ್ಲೊ? ಹೆಸರು ಕೇಳಿದ ಕೂಡಲೇ ಗೊತ್ತಾತು. ಬಾ, ನೀನೂ ನೋಡು, ಏನ್ ಆಗಂಗಿಲ್ಲ’ ಎಂದರು.

‘ಬೇಡ ಮೇಡಂ, ಈಗ್ತಾನೆ ತಿಂಡಿ ಆಯ್ತು’ ಎಂದೆ. ಮೈಸೂರಿನವನಿಗೆ ಆ ಹೊತ್ತಿಗೆ ತೋಚಿದ ಸಭ್ಯ ಉತ್ತರ ಅಷ್ಟೇ. ಅವರು ಗೋಡೆಗೆ ಕೈಯೂರಿಕೊಂಡು ಬಹಳ ಹೊತ್ತು ನಕ್ಕರು. ‘ಮೇಡಂ ಬ್ಯಾಡ, ಅಕ್ಕ ಅನ್ನು’ ಎಂದರು. ಅಂದಿನಿಂದ ಅಕ್ಕ.

ಅಕ್ಕನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಹೇಳುತ್ತೇನೆ.

ಹುಟ್ಟಿದ್ದು ವಿಜಯಪುರದಲ್ಲಿ. ಸಿವಿಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಗಂಡನ ಬ್ಯಾಂಕ್ ಕೆಲಸದ ಬೆನ್ನಿಗೆ ಕೊಲ್ಲಿ ದೇಶದ ಒಂದು ಮರುಭೂಮಿ ನಗರಕ್ಕೆ ಹೋದರು. ಆ ನಗರದ ಹೆಸರನ್ನೂ ಹೇಳುವುದಿಲ್ಲ. ಹೇಳಿದ ಕೂಡಲೇ ಕಣ್ಣಿಗೆ ಬರುವುದು ಗಾಜಿನ ಎತ್ತರದ ಕಟ್ಟಡಗಳು. ಅಕ್ಕ ಹೇಳುತ್ತಿದ್ದ ಊರು ಆ ಗಾಜಿನ ಬುಡದಲ್ಲೆಲ್ಲೋ ಇತ್ತು. ದಿನಕ್ಕೊಂದು ರಸ್ತೆ, ವಾರಕ್ಕೊಂದು ಕ್ರೇನು ಎಂಬಂತೆ ಬೆಳೆಯುತ್ತಿದ್ದ ಆ ಊರಿನಲ್ಲಿ ಹಳೆಯ ಮನೆಗಳನ್ನು ಅಳೆದು, ನಕ್ಷೆ ಬರೆದು, ಉಳಿಸಬೇಕಾದ್ದನ್ನು ಉಳಿಸುವ ಒಂದು ಕಚೇರಿಯಿತ್ತು. ಅಲ್ಲಿ ಅಕ್ಕ ತಮ್ಮ ಅರ್ಧ ಆಯುಷ್ಯ ಕಳೆದರು. ಗಂಡ ಅಲ್ಲೇ ತೀರಿಕೊಂಡ ಮೇಲೆ ಲೋವರ್ ಹಟ್‌ನಲ್ಲಿದ್ದ ಮಗಳ ಮನೆಗೆ ಬಂದರು. ಮನೆಯಲ್ಲಿ ಕೂತು ಮಾಡುವುದೇನು ಎಂದು ನಮ್ಮ ಆಫೀಸಿನ ಬಾಗಿಲು ತಟ್ಟಿದರು.

‘ನಿಮ್ಮೂರು ಯಾವುದು?’ ಎಂದು ಯಾರಾದರೂ ಕೇಳಿದರೆ ಅವರು ಸ್ವಲ್ಪ ತಡೆಯುತ್ತಿದ್ದರು. ವಿಜಯಪುರ ಎನ್ನುತ್ತಾರೆ ಎಂದುಕೊಂಡರೆ ಆ ಮರುಭೂಮಿ ನಗರದ ಹೆಸರು ಬರುತ್ತಿತ್ತು.

ಅಕ್ಕನ ಪ್ರಶ್ನೆಗಳು ನಮ್ಮ ಕನ್ನಡ ಬಳಗದಲ್ಲಿ ಪ್ರಸಿದ್ಧವಾದವು. ಹೊಸದಾಗಿ ಬಂದ ಗಂಡಹೆಂಡಿರನ್ನು ಉಳಿದವರು ಯಾವ ಕಂಪನಿ, ಯಾವ ವೀಸಾ ಎಂದು ಕೇಳಿದರೆ ಅಕ್ಕ ಕೇಳುತ್ತಿದ್ದುದು, ‘ನಿಮ್ಮ ಮನ್ಯಾಗ ಮಧ್ಯಾಹ್ನ ಎಲ್ಲಿ ಮಲಗ್ತೀರಿ?’ ಬೆಂಗಳೂರಿನ ಹುಡುಗಿಯೊಬ್ಬಳು ಇದನ್ನು ಕೇಳಿ ಗಂಡನ ಮುಖ ನೋಡಿದ್ದು ಇನ್ನೂ ನೆನಪಿದೆ. ಅಕ್ಕನ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಮರುಭೂಮಿಯ ಹಳೆಯ ಮನೆಗಳಲ್ಲಿ ಜನ ಒಂದೇ ಕೋಣೆಯಲ್ಲಿ ಬದುಕುತ್ತಿರಲಿಲ್ಲವಂತೆ. ಬೇಸಗೆಯ ಮಧ್ಯಾಹ್ನ ಗಾಳಿಗೋಪುರದ ಕೆಳಗೆ, ರಾತ್ರಿ ತಾರಸಿಯ ಮೇಲೆ, ಚಳಿಗಾಲದಲ್ಲಿ ಕಿಟಕಿಯಿಲ್ಲದ ಒಳಕೋಣೆಯಲ್ಲಿ. ಹಾಸಿಗೆ ಬಿಸಿಲನ್ನು ನೋಡಿಕೊಂಡು ಮನೆಯೊಳಗೇ ಊರೂರು ತಿರುಗುತ್ತಿತ್ತು. ‘ಮನುಷ್ಯಾ ಎಲ್ಲಿ ಮಲಗ್ತಾನ ಅಂತ ಗೊತ್ತಾದ್ರ ಅರ್ಧ ಮನಿ ಗೊತ್ತಾದಂಗ’ ಎನ್ನುತ್ತಿದ್ದರು.

ಗಾಳಿಗೋಪುರ ಎಂದರೇನು ಎಂದು ನನ್ನ ಮಗಳು ಕೇಳಿದಾಗ ಅಕ್ಕ ಅಡುಗೆಮನೆಯಿಂದ ಸೀರಿಯಲ್ ಡಬ್ಬಿ ತರಿಸಿ, ಅದರ ಮೇಲ್ಭಾಗವನ್ನು ನಾಲ್ಕೂ ಕಡೆ ಕತ್ತರಿಸಿ, ಒಳಗೆ ಅಡ್ಡಡ್ಡವಾಗಿ ಎರಡು ರಟ್ಟು ಸಿಕ್ಕಿಸಿ, ಅಂಗಳಕ್ಕೆ ಒಯ್ದರು. ಯಾವ ದಿಕ್ಕಿನಿಂದ ಗಾಳಿ ಬಂದರೂ ಗೋಪುರ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ವೆಲ್ಲಿಂಗ್ಟನ್ ಕಡೆಯ ಗಾಳಿಗೆ ಅಷ್ಟು ತಾಳ್ಮೆ ಇಲ್ಲ. ಡಬ್ಬಿ ಬೇಲಿ ಹಾರಿ ಪಕ್ಕದ ಮನೆಯವರ ತೆರೆದ ಪಿಕಪ್ ಗಾಡಿ ಯೂಟ್‌ನ ಹಿಂಭಾಗಕ್ಕೆ ಬಿತ್ತು.

‘ಇಲ್ಲಿ ಗೋಪುರ ಕಟ್ಟಿದ್ರ ಮನಿನೇ ಹಾರಿ ಹೋಗ್ತದ’ ಎಂದು ಅಕ್ಕ ಕೈ ಝಾಡಿಸಿದರು.

‘ಆಂಟಿ, ಇಟ್ ವರ್ಕ್ಸ್!’ ಎಂದಳು ಮಗಳು. ಕನ್ನಡದ ಪ್ರಶ್ನೆಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು ಆವತ್ತು ಸಂಜೆಯವರೆಗೂ ಅವರ ಸೆರಗು, ಅಂದರೆ ದುಪಟ್ಟಾ, ಬಿಡಲಿಲ್ಲ.

ಈ ದೇಶದ ಮರದ ಮನೆಗಳು ಅಕ್ಕನಿಗೆ ಒಗಟು. ‘ಹೊರಗಿಂತ ಒಳಗ ಥಂಡಿ ಇರೂ ಮನಿ ನಾ ನೋಡೇ ಇಲ್ಲ. ಅಲ್ಲಿ ಅದಕ್ಕ ಜನ ಗೋಪುರ ಕಟ್ಟತಿದ್ರು, ಇಲ್ಲಿ ಪುಕ್ಕಟ ಸಿಗತದ’ ಎಂದು ಉಣ್ಣೆಯ ಟೋಪಿ ಕೆಳಗೆ ಎಳೆದುಕೊಳ್ಳುವರು. ಆದರೂ ಅವಕ್ಕೆ ಮರುಳಾದರು. ನೆಲದ ಹಲಗೆ ಎತ್ತಿಸಿ, ಟಾರ್ಚ್ ಹಿಡಿದು, ಮನೆಯಡಿಯ ಕತ್ತಲಲ್ಲಿ ತೆವಳಿ ಹೋಗಿ, ತಲೆತುಂಬ ಜೇಡರಬಲೆ ಮೆತ್ತಿಕೊಂಡು ಹೊರಗೆ ಬರುವರು. ಮುಖದಲ್ಲಿ ಮಾತ್ರ ಹಬ್ಬ.

ಒಮ್ಮೆ ಊಟದ ಹೊತ್ತಿನಲ್ಲಿ ನೆಲ ಅಲುಗಿತು. ಇಲ್ಲಿ ಅದು ಆಗಾಗ ಆಗುವಂಥದ್ದು. ನಾವೆಲ್ಲ ಕಲಿತ ಪಾಠದಂತೆ ಮೇಜಿನ ಕೆಳಗೆ ಸೇರಿಕೊಂಡೆವು. ತಿರುಗಿ ನೋಡಿದರೆ ಅಕ್ಕ ಎದ್ದು ಹೋಗಿ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ.

‘ಅಕ್ಕ! ಕೆಳಗೆ ಬನ್ನಿ, ಏನ್ ಮಾಡ್ತಿದೀರ?’

‘ತಡಿಯೋ ತಮ್ಮಾ, ಮಾತಾಡ್ಲಿಕ್ಕತ್ತದ!’

ನೆಲ ನಿಂತ ಮೇಲೆ ಬಾಸ್ ಮೇಜಿನಡಿಯಿಂದ ಹೊರಬಂದು ಅವರಿಗೆ ಚೆನ್ನಾಗಿ ಬೈದರು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡು, ‘ಸಾರಿ, ಮರದ ಗೋಡೆ ಮೊದಲು ಬಾಗಿ ಆಮೇಲೆ ಕೂಗುತ್ತದೋ, ಕೂಗಿ ಆಮೇಲೆ ಬಾಗುತ್ತದೋ ಎಂದು ನೋಡುತ್ತಿದ್ದೆ’ ಎಂದರು. ಬಾಸ್ ಕೋಪ ಮರೆತು, ‘ಏನು ಗೊತ್ತಾಯ್ತು?’ ಎಂದು ಕೇಳಿಯೇಬಿಟ್ಟರು.

ಮರುಭೂಮಿಯ ಊರಿನ ಕಥೆ ನನಗೆ ತುಣುಕುತುಣುಕಾಗಿ ಸಿಕ್ಕಿತು. ಹೆಚ್ಚಿನದು ಸೈಟಿಗೆ ಹೋಗುವ ಕಾರಿನಲ್ಲಿ. ಅಲ್ಲಿನ ಹಳೆಯ ಮನೆಗಳ ಗೋಡೆ ಹವಳದ ಕಲ್ಲಿನದು. ಸಮುದ್ರದ ತಳದಿಂದ ಕಿತ್ತು ತಂದು, ತೊಳೆದು, ಒಣಗಿಸಿ ಕಟ್ಟುತ್ತಿದ್ದರು. ಎಷ್ಟು ತೊಳೆದರೂ ಕಲ್ಲಿನ ಹೊಟ್ಟೆಯಲ್ಲಿ ಉಪ್ಪು ಉಳಿಯುತ್ತದೆ. ಗೋಡೆ ಉಸಿರಾಡಿದರೆ ಉಪ್ಪು ಹೊರಗೆ ಬಂದು ಉದುರಿಹೋಗುತ್ತದೆ. ರಿಪೇರಿ ಮಾಡುತ್ತೇವೆಂದು ಸಿಮೆಂಟ್ ಮೆತ್ತಿದರೆ ಉಪ್ಪು ಒಳಗೇ ಸಿಕ್ಕಿಕೊಂಡು ಕಲ್ಲನ್ನು ತಿನ್ನುತ್ತದೆ. ರುಚಿ ನೋಡುವ ಅಭ್ಯಾಸ ಹುಟ್ಟಿದ್ದು ಹಾಗೆ. ಅಕ್ಕನ ಮೊಮ್ಮಗಳು ಸಂಜೆ ಮನೆಯಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆಯೇ, ‘ಅಜ್ಜಿ, ಡಿಡ್ ಯು ಲಿಕ್ ಎ ವಾಲ್ ಟುಡೇ?’

ಅಲ್ಲಿನ ಕೋಣೆಗಳೆಲ್ಲ ಉದ್ದ, ಆದರೆ ಕಿರಿದು. ಅದೇಕೆ ಎಂದು ಅಕ್ಕ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದರಂತೆ. ಸಂಪ್ರದಾಯವೋ, ಶಾಸ್ತ್ರವೋ, ಹೆಂಗಸರ ಮರೆಯೋ? ಕೊನೆಗೆ ತಿಳಿದದ್ದು, ಚಾವಣಿಗೆ ಹಾಕುವ ಕಾಂಡ್ಲಾ ಮರದ ಗಳುಗಳು ಆಫ್ರಿಕಾದ ಕರಾವಳಿಯಿಂದ ಹಡಗಿನಲ್ಲಿ ಬರುತ್ತಿದ್ದವು; ಆ ಗಳು ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ‘ಯಾವುದೋ ದೇಶದ ಕೆಸರಿನ್ಯಾಗ ಬೆಳೆದ ಗಿಡ ಇವರ ಮನಿಯ ಅಳತಿ ಇಟ್ಟಿತ್ತು ನೋಡು. ಬಾಗಿಲಾ ನಮ್ಮ ಕಡೆ ಸಾಗವಾನಿದು. ಆ ಮನ್ಯಾಗ ಮರುಭೂಮಿದು ಅಂತ ಇದ್ದದ್ದು ಬಿಸಲು ಒಂದೇ’ ಎನ್ನುವಾಗ ಅಕ್ಕನ ದನಿ ಚಿಕ್ಕ ಹುಡುಗಿಯದಾಗುತ್ತಿತ್ತು.

ಒಂದು ಮನೆಯ ಕಥೆ ಮಾತ್ರ ಅವರು ಬಹಳ ದಿನ ಹೇಳಲಿಲ್ಲ. ಹೇಳಿದ್ದು ಮಳೆ ಜೋರಾಗಿ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಸೈಟಿನ ಮುಂದೆ ಕಾರು ನಿಲ್ಲಿಸಿ ಮಳೆ ನಿಲ್ಲಲಿ ಎಂದು ಕಾಯುತ್ತ ಕೂತಿದ್ದಾಗ.

ಮುತ್ತಿನ ವ್ಯಾಪಾರಿಯೊಬ್ಬ ಹಿಂದೆಂದೋ ಕಟ್ಟಿಸಿದ ಮನೆ ಅದು. ಗಾಳಿಗೋಪುರ ಇನ್ನೂ ನೆಟ್ಟಗಿತ್ತು. ವ್ಯಾಪಾರಿಯ ಮೊಮ್ಮಕ್ಕಳು ಎಂದೋ ಏಸಿ ಇದ್ದ ಹೊಸ ವಿಲ್ಲಾಗಳಿಗೆ ಹೋಗಿ, ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಆ ಊರಿನ ಹಳೆಯ ಮನೆಗಳ ಗತಿ ಹೆಚ್ಚುಕಡಿಮೆ ಅದೇ. ಕಟ್ಟಿದವರು ಬಿಟ್ಟು ಹೋಗಿದ್ದರು, ದೂರದಿಂದ ದುಡಿಯಲು ಬಂದವರು ತುಂಬಿಕೊಂಡಿದ್ದರು. ಈ ಮನೆಯಲ್ಲಿ ಮಂಗಳೂರು ಕಡೆಯ ಒಂದು ಸಂಸಾರವಿತ್ತು. ಗಂಡನಿಗೆ ದೋಣಿಕಟ್ಟೆಯಲ್ಲಿ ಕೆಲಸ. ಹೆಂಡತಿ ಅಂಗಳದ ಒಂದು ಮೂಲೆಗೆ ತಗಡು ಹೊದಿಸಿ ಅಡುಗೆಮನೆ ಮಾಡಿಕೊಂಡು, ಸುತ್ತಲಿನ ಒಂಟಿ ಗಂಡಸರಿಗೆ ಊಟ ಹಾಕುತ್ತಿದ್ದಳು. ಸಂಜೆಯಾದರೆ ಆ ಅಂಗಳದಲ್ಲಿ ನಾಲ್ಕೈದು ಭಾಷೆ, ಒಂದೇ ಸಾರು.

ರಸ್ತೆ ಅಗಲ ಮಾಡಲು ಆ ಸಾಲಿನ ಮನೆಗಳನ್ನೆಲ್ಲ ಕೆಡವಬೇಕೆಂದು ತೀರ್ಮಾನವಾಯಿತು. ಅಕ್ಕ ಆ ಮನೆಯನ್ನು ಉಳಿಸಲೇಬೇಕೆಂದು ಹಠ ಹಿಡಿದರು. ವಾರಗಟ್ಟಲೆ ಅಲ್ಲೇ ಅಳತೆ ಮಾಡಿದರು. ಊಟವೂ ಅಲ್ಲೇ ಆಗುತ್ತಿತ್ತು. ಆ ಹೆಂಗಸು ಅಕ್ಕನಿಗೆಂದೇ ಖಾರ ಹೆಚ್ಚು ಹಾಕಿ ಬೇರೆ ಪಲ್ಯ ಮಾಡುತ್ತಿದ್ದಳಂತೆ. ನಕ್ಷೆ ಮುಗಿದ ದಿನ ಅಕ್ಕ ಅದನ್ನು ಅಂಗಳದಲ್ಲೇ ಹರಡಿ ಅವಳಿಗೆ ತೋರಿಸಿದರು. ಹೆಮ್ಮೆಯಿಂದಲೇ ತೋರಿಸಿದರು.

ಅವಳು ಬೆರಳಿಟ್ಟು ಹುಡುಕಿದಳು. ‘ಇದು ಬಾಗಿಲು. ಇದು ಗಾಳಿಯ ಕೋಣೆ. ನನ್ನ ಅಡಿಗೆಮನೆ ಎಲ್ಲುಂಟು ಮೇಡಂ?’

ಅದು ಕೆಂಪು ಗೆರೆಯೊಳಗೆ ಇತ್ತು. ಮೂಲ ಮನೆಗೆ ಆಮೇಲೆ ಸೇರಿಸಿದ್ದನ್ನೆಲ್ಲ ಕೆಂಪಿನಲ್ಲಿ ಗುರುತು ಮಾಡುವುದು ಅವರ ಕಚೇರಿಯ ಪದ್ಧತಿ. ಕೆಂಪು ಎಂದರೆ ತೆಗೆದುಹಾಕಬೇಕಾದ್ದು.

‘ನಾ ಏನ್ ಹೇಳ್ಲಿ ತಮ್ಮಾ?’ ಅಕ್ಕ ಕಾರಿನ ಗಾಜಿನ ಮೇಲೆ ಇಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದರು. ‘ದಿನಾ ಅಕಿ ಕೈಯಾಗಿನ ಅನ್ನ ಉಂಡೀನಿ. ಉಂಡು, ಕೈ ತೊಳಕೊಂಡು ಬಂದು, ಅಕಿ ಒಲಿಗೆ ಕೆಂಪು ಹಚ್ಚೀನಿ. ಮನಿ ಉಳಿಸಬೇಕು ಅನ್ನೂದೊಂದೇ ತಲ್ಯಾಗ. ಯಾರ ಮನಿ ಅಂತ ತಲ್ಯಾಗ ಬರಲೇ ಇಲ್ಲ.’

‘ನಿಮ್ಮ ಕೈಲಿ ಏನಿತ್ತು ಅಕ್ಕ? ನೀವು ಬಿಟ್ಟಿದ್ರೆ ಬುಲ್ಡೋಜರ್ ಬರ್ತಿತ್ತು. ಆಗ್ಲೂ ಅವ್ರು ಹೋಗ್ಲೇಬೇಕಿತ್ತಲ್ಲ?’

‘ಹೌದು. ಎಲ್ಲಾರೂ ಹಂಗೇ ಅಂದ್ರು. ಅಕಿನೂ ಅಂದ್ಲು.’

ಅಕ್ಕ ಸುಮ್ಮನಿರಲಿಲ್ಲ. ಬಾಡಿಗೆದಾರರನ್ನು ಅಲ್ಲೇ ಇರಗೊಡಿ, ಅಡುಗೆಮನೆಯೂ ಆ ಮನೆಯ ಚರಿತ್ರೆಯೇ ಎಂದು ಮೇಲಿನವರ ಮುಂದೆ ವಾದಿಸಿದರು. ಅವರು ಮರ್ಯಾದೆಯಿಂದ ಕೇಳಿಸಿಕೊಂಡು, ಪಾರಂಪರಿಕ ಕಟ್ಟಡದಲ್ಲಿ ತಗಡಿನ ಶೆಡ್ ಇರಲಾಗದು ಎಂದರು. ಮನೆ ಉಳಿಯಿತು. ರಸ್ತೆಯೇ ಸ್ವಲ್ಪ ಬಳಸಿ ಹೋಯಿತು. ಆ ಸಂಸಾರ ಊರಾಚೆಯ ಯಾವುದೋ ಕಟ್ಟಡಕ್ಕೆ ಹೋಯಿತು. ಒಂದೆರಡು ಸಲ ಫೋನ್ ಬಂತು, ಆಮೇಲೆ ನಂಬರು ಬದಲಾಯಿತು.

ಮನೆಯನ್ನು ಸಾರ್ವಜನಿಕರಿಗೆ ತೆರೆದ ದಿನ ಅಕ್ಕ ಹೋದರು. ಹೊಸ ಗಾರೆ, ತೊಳೆದ ಅಂಗಳ, ಎಲ್ಲೂ ಒಂದು ಕಲೆಯಿಲ್ಲ. ಗೋಪುರದ ಕೆಳಗೆ ನಿಂತರೆ ಗಾಳಿ ಇಳಿಯುತ್ತಿತ್ತು. ಆದರೆ ಯಾರ ಬೆವರನ್ನು ಆರಿಸಲು? ಬಾಗಿಲ ಪಕ್ಕದ ಫಲಕದಲ್ಲಿ, ಶ್ರಮಿಸಿದವರ ಸಾಲಿನಲ್ಲಿ, ಅಕ್ಕನ ಹೆಸರೂ ಇತ್ತು. ಅದನ್ನು ತೆಗೆಸಲು ಅವರು ಪಟ್ಟ ಪಾಡು ಮನೆ ಉಳಿಸಲು ಪಟ್ಟದ್ದಕ್ಕಿಂತ ಹೆಚ್ಚಂತೆ. ಕೊನೆಗೆ ತೆಗೆದರು.

‘ಮನಿ ಉಳೀತು, ಮನಿತನ ಉಳೀಲಿಲ್ಲ’ ಎಂದರು ಅಕ್ಕ. ಅಷ್ಟರಲ್ಲಿ ಮಳೆ ಕಡಿಮೆಯಾಗಿತ್ತು. ಸೇಫ್ಟಿ ವೆಸ್ಟಿನ ಝಿಪ್ಪು ಎಳೆದುಕೊಂಡು ಇಳಿದರು.

ಇದನ್ನು ಕೇಳಿದ ಮೇಲೆ ನನಗೊಂದು ಸಂಗತಿ ಅರ್ಥವಾಯಿತು. ಅಕ್ಕನ ನಕ್ಷೆಗಳಲ್ಲಿ ಯಾವಾಗಲೂ ಸಾಮಾನುಗಳಿರುತ್ತಿದ್ದವು. ತೊಲೆ, ಕಂಬ, ಅಡಿಪಾಯಗಳ ಜೊತೆಗೆ ಕುರ್ಚಿ, ಒಲೆ, ಮಕ್ಕಳ ಸೈಕಲ್ಲು, ಕಿಟಕಿಯಲ್ಲಿ ಮಲಗಿದ ಬೆಕ್ಕು. ‘ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಕೆಟಲ್ ಯಾಕೆ?’ ಎಂದು ಬಾಸ್ ಪದೇಪದೇ ಕೇಳುವರು. ‘ಅಲ್ಲಿ ಅದು ಇದೆ, ಅದಕ್ಕೆ’ ಎನ್ನುವರು ಅಕ್ಕ.

ಅವರ ಕೊನೆಯ ದೊಡ್ಡ ಕೆಲಸ ನಮ್ಮದೇ ಹಾಲ್‌ನದು. ನಮ್ಮದು ಎಂದರೆ ನಮ್ಮ ಒಡೆತನದ್ದಲ್ಲ. ಲೋವರ್ ಹಟ್‌ನ ಒಂದು ಬೀದಿಯಲ್ಲಿ ಒಂದು ಟ್ರಸ್ಟಿಗೆ ಸೇರಿದ ಹಳೆಯ ಮರದ ಹಾಲ್. ನಮ್ಮ ಬಳಗದ ಯುಗಾದಿ, ರಾಜ್ಯೋತ್ಸವ ನಡೆಯುವುದು ಅಲ್ಲಿ. ವಾರದ ನಡುವೆ ಊರಿನ ಮುದುಕ ಮುದುಕಿಯರು ಹೌಸಿ, ಅಂದರೆ ತಂಬೋಲ, ಆಡುತ್ತಾರೆ. ಶನಿವಾರ ಸಮೋವಾ ದ್ವೀಪಗಳಿಂದ ಬಂದ ಜನರ ಭಜನಾ ಮಂಡಳಿ, ಅವರ ಕ್ವಾಯರ್, ಹಾಡಿನ ಅಭ್ಯಾಸ ಮಾಡುತ್ತದೆ. ಹಾಲ್‌ನ ಮುಖಕ್ಕೆ ಇಟ್ಟಿಗೆಯ ಗೋಡೆ, ಹಿಂದೆ ಇಟ್ಟಿಗೆಯ ಹೊಗೆಗೂಡು. ಭೂಕಂಪಕ್ಕೆ ಇದು ನಿಲ್ಲುವುದಿಲ್ಲ ಎಂಬ ನೋಟೀಸು ಬಾಗಿಲಿಗೆ ಬಿತ್ತು. ಟ್ರಸ್ಟಿನವರು ನಮ್ಮ ಆಫೀಸಿಗೆ ಬಂದರು. ಕೆಡವಿ ಜಾಗ ಮಾರುವುದೇ ಸುಲಭ ಎಂಬ ಮನಸ್ಸು ಅವರಲ್ಲಿ ಕೆಲವರಿಗಿತ್ತು.

ಅಕ್ಕ ಹಾಲ್‌ನ ಕೆಳಗೂ ಮೇಲೂ ತೆವಳಿ ಬಂದು, ಅಪಾಯವಿರುವುದು ಇಟ್ಟಿಗೆಯಲ್ಲಿ, ಮರದ ಮೈ ಇನ್ನೂ ಗಟ್ಟಿಯಾಗಿದೆ, ಒಳಗೆ ಆಧಾರ ಕೊಟ್ಟರೆ ನಿಲ್ಲುತ್ತದೆ ಎಂದು ವರದಿ ಕೊಟ್ಟರು. ಅದರ ಮೇಲೆ ಮಾತಾಡಲು ಪಕ್ಕದ ಶಾಲೆಯ ಕೋಣೆಯೊಂದರಲ್ಲಿ ಸಭೆ ಸೇರಿತು. ಟ್ರಸ್ಟಿನ ಅಧ್ಯಕ್ಷರು ಒಳ್ಳೆಯ ಮನುಷ್ಯ, ವಯಸ್ಸಾದ ಕಿವಿ. ‘ಸರಿ, ಕೆಡವುವುದು ಬೇಡ. ಒಂದು ವರ್ಷ ಹಾಲ್ ಮುಚ್ಚೋಣ. ಕೆಲಸ ಮುಗಿದ ಮೇಲೆ ಎಲ್ಲರೂ ವಾಪಸ್ ಬನ್ನಿ’ ಎಂದರು. ನಮಗೆಲ್ಲ ಸಮಾಧಾನವಾಯಿತು. ಚಪ್ಪಾಳೆಯೂ ಬಿತ್ತು.

ಅಕ್ಕ ಎದ್ದು ನಿಂತರು. ‘ವಾಪಸ್ ಬರುವುದಿಲ್ಲ’ ಎಂದರು.

ಅಧ್ಯಕ್ಷರಿಗೆ ಕೇಳಿಸಿತೋ ಇಲ್ಲವೋ, ಕಿವಿಗೆ ಕೈ ಹಿಡಿದರು. ಅಕ್ಕ ದನಿ ಎತ್ತರಿಸಿ, ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಆ ತಗಡಿನ ಅಡುಗೆಮನೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನನಗೆ ಮುಜುಗರವಾಗುತ್ತಿತ್ತು. ನ್ಯೂಜಿಲೆಂಡಿನ ಒಂದು ಬೀದಿಯ ಹಾಲ್‌ಗೂ ಮರುಭೂಮಿಯ ಯಾರದೋ ಒಲೆಗೂ ಏನು ಸಂಬಂಧ ಎಂದು ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕಥೆ ಮುಗಿಯಿತು. ಕ್ವಾಯರಿನ ಹಿರಿಯ ಸಮೋವನ್ ಹೆಂಗಸು, ದಪ್ಪ ದನಿಯವರು, ಕೂತಲ್ಲಿಂದಲೇ ಕೇಳಿದರು: ‘ಆ ಅಡುಗೆಮನೆಯ ಹುಡುಗಿ ಈಗ ಎಲ್ಲಿದ್ದಾಳೆ?’

‘ಗೊತ್ತಿಲ್ಲ’ ಎಂದರು ಅಕ್ಕ. ‘ನನಗೆ ಗೊತ್ತಿಲ್ಲ.’

ಆ ಹೆಂಗಸು ಅಧ್ಯಕ್ಷರ ಕಡೆ ತಿರುಗಿ, ‘ಅವರು ಹೇಳುತ್ತಿರುವುದು ಸರಿ. ಒಂದು ವರ್ಷ ಬೇರೆ ಕಡೆ ಹಾಡಿದರೆ ನನ್ನ ಅರ್ಧ ಜನ ಹೋಗಿಬಿಡುತ್ತಾರೆ’ ಎಂದರು. ಹೌಸಿ ಆಡುವ ಮುದುಕರೊಬ್ಬರು, ‘ನಾವು ಹೋಗುವುದಿಲ್ಲ, ಸತ್ತೇ ಹೋಗುತ್ತೇವೆ’ ಎಂದದ್ದಕ್ಕೆ ಕೋಣೆಯೆಲ್ಲ ನಕ್ಕಿತು.

ಬಾಸ್ ನಗಲಿಲ್ಲ. ‘ಇಟ್ಟಿಗೆ ನಿಂತಿರುವ ತನಕ ಒಳಗೆ ಯಾರನ್ನೂ ಬಿಡಲಾಗದು. ಒಬ್ಬರ ತಲೆಯ ಮೇಲೆ ಬಿದ್ದರೆ?’ ಎಂದರು. ಅದೂ ನಿಜವೇ. ಅಕ್ಕನೂ ಅದನ್ನು ಒಪ್ಪಿದರು. ಮೊದಲು ಇಟ್ಟಿಗೆ ಇಳಿಸೋಣ, ಅಷ್ಟು ದಿನ ಮಾತ್ರ ಮುಚ್ಚೋಣ. ಆಮೇಲೆ ಹಾಲ್‌ಗೆ ನಡುವೆ ಪ್ಲೈವುಡ್ ಗೋಡೆ ಹಾಕಿ, ಒಂದು ಅರ್ಧದಲ್ಲಿ ಕೆಲಸ, ಇನ್ನೊಂದರಲ್ಲಿ ಜನ ಎಂದರು. ಹೀಗೆ ಮಾಡಿದರೆ ಖರ್ಚೂ ಹೆಚ್ಚು, ತಲೆನೋವೂ ಹೆಚ್ಚು. ವಾದ ಸಂಜೆಯವರೆಗೆ ನಡೆಯಿತು. ಇಟ್ಟಿಗೆ ಇಳಿಸುವ ತನಕ ಇವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಅಧ್ಯಕ್ಷರು ಕೇಳಿದಾಗ ಅಕ್ಕ, ‘ಕ್ವಾಯರ್ ನಮ್ಮ ಗರಾಜಿಗೆ ಬರಲಿ’ ಎಂದುಬಿಟ್ಟರು. ಗರಾಜು ಅವರದಲ್ಲ, ಮಗಳದು. ಮಗಳಿಗೆ ಗೊತ್ತಾದದ್ದು ಶನಿವಾರ, ಕ್ವಾಯರ್ ಬಾಗಿಲಿಗೆ ಬಂದು ನಿಂತಾಗ.

ಆ ಶನಿವಾರ ನಾನೂ ಹೋಗಿದ್ದೆ. ಲಾನ್‌ಮೂವರ್, ಹಳೆಯ ಸೋಫಾ, ಮೊಮ್ಮಗಳ ಸೈಕಲ್ಲುಗಳ ನಡುವೆ ಅಷ್ಟೊಂದು ಜನ ಒತ್ತಿಕೊಂಡು ನಿಂತು ಹಾಡಿದರೆ ಗರಾಜಿನ ತಗಡಿನ ಬಾಗಿಲು ನಡುಗುತ್ತಿತ್ತು. ಅಕ್ಕ ಟ್ರೇ ತುಂಬ ಒಗ್ಗರಣೆಯ ಚುರುಮುರಿ ಸೂಸಲ ಹಿಡಿದು ಓಡಾಡುತ್ತಿದ್ದರು. ಮಗಳು ನನ್ನ ಹತ್ತಿರ ಬಂದು, ‘ಅಣ್ಣಾ, ನಮ್ಮವ್ವಗ ಸ್ವಲ್ಪ ಹೇಳ್ರಿ, ನೆರೆಯವರು ಏನ್ ಅಂತಾರ?’ ಎಂದಳು. ನೋಡಿದರೆ ನೆರೆಯವರು ಆಗಲೇ ಬೇಲಿಯ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಹೌಸಿ ನಮ್ಮ ಆಫೀಸಿನ ಮೀಟಿಂಗ್ ರೂಮಿಗೆ ಬಂತು. ಆ ವರ್ಷದ ರಾಜ್ಯೋತ್ಸವ ಅರ್ಧ ಹಾಲ್‌ನಲ್ಲೇ ನಡೆಯಿತು. ಕೋಲಾಟದ ಹುಡುಗಿಯರು ಪ್ಲೈವುಡ್ಡಿಗೆ ಢಿಕ್ಕಿ ಹೊಡೆದರು. ನಾಡಗೀತೆಯ ನಡುವೆ ಆಚೆಯಿಂದ ಡ್ರಿಲ್ಲಿನ ಸದ್ದು ಬಂದು, ಯಾರೋ ಓಡಿಹೋಗಿ ಕೆಲಸದವರನ್ನು ಕೈಮುಗಿದು ನಿಲ್ಲಿಸಿದರು. ಅವರೂ ಹೆಲ್ಮೆಟ್ ತೆಗೆದು ಹಾಡು ಮುಗಿಯುವ ತನಕ ಸುಮ್ಮನೆ ನಿಂತು, ಆಮೇಲೆ ಬಿಸಿಬೇಳೆಭಾತಿನ ಸಾಲಿಗೆ ಸೇರಿದರು. ಕೆಲಸ ಮುಗಿದಾಗ ಹಾಲ್ ಬಿಟ್ಟು ಹೋದವರು ಯಾರೂ ಇರಲಿಲ್ಲ. ಬಾಸ್ ಒಪ್ಪಿಕೊಂಡದ್ದು ಬಾಯಿಬಿಟ್ಟಲ್ಲ. ಮುಂದಿನ ಕೆಲಸದ ನಕ್ಷೆಯಲ್ಲಿ ಅವರೇ ಒಂದು ಕೆಟಲ್ ಬರೆದಿದ್ದರು.

ಅದಾದ ಮರುವರ್ಷ ಅಕ್ಕನಿಗೆ ಕಾಯಿಲೆ ಕಾಣಿಸಿಕೊಂಡಿತು. ಗುಣವಾಗುವಂಥದ್ದಲ್ಲ ಎಂದು ಬೇಗನೆ ತಿಳಿಯಿತು. ಕೆಲಸ ಬಿಟ್ಟರು. ಮನೆಯಲ್ಲಿ ಆಗದು ಎನ್ನುವ ಹಂತಕ್ಕೆ ಬಂದಾಗ, ಊರಿನಲ್ಲೇ ಇದ್ದ, ಕೊನೆಯ ದಿನಗಳಲ್ಲಿರುವವರನ್ನು ನೋಡಿಕೊಳ್ಳುವ ಒಂದು ಆಸ್ಪತ್ರೆಗೆ ಸೇರಿಸಿದರು.

ನಾನು ಹೋದಾಗ ಅವರು ತುಂಬ ಸಣ್ಣಗಾಗಿದ್ದರು. ಮಂಚವನ್ನು ಗೋಡೆಯ ಪಕ್ಕಕ್ಕೆ ಎಳೆಸಿಕೊಂಡಿದ್ದರು. ‘ನೋವಿದೆಯಾ ಅಕ್ಕ?’ ಎಂದೆ.

‘ಅದಿರಲಿ. ಈ ಕಟ್ಟಡ ಕಟ್ಟೂಕಿಂತ ಮೊದಲ ಇಲ್ಲಿ ಏನಿತ್ತು, ಗೊತ್ತದ ಏನು ನಿನಗ?’

‘ಇಲ್ಲ ಅಕ್ಕ.’

‘ಯಾರಿಗೂ ಗೊತ್ತಿಲ್ಲ. ಡಾಕ್ಟರ್‌ಗೂ ಕೇಳೀನಿ. ನಾ ಹೆಂಗ ಅದೀನಿ ಅನ್ನೂದಷ್ಟ ಗೊತ್ತು ಅವರಿಗೆ.’

ಆಗ ಬಂದ ನರ್ಸ್ ಈ ಊರಿನ ಕಣಿವೆಯಲ್ಲೇ ಹುಟ್ಟಿ ಬೆಳೆದ ನಡುವಯಸ್ಸಿನ ಹೆಂಗಸು. ಅಕ್ಕ ಅವಳನ್ನೂ ಕೇಳಿದರು. ಅವಳು ದಿಂಬು ಸರಿಮಾಡುತ್ತ, ‘ನನಗೂ ಗೊತ್ತಿಲ್ಲ, ನನ್ನ ಅಜ್ಜಿಯನ್ನು ಕೇಳುತ್ತೇನೆ, ಅವಳಿಗೆ ತೊಂಬತ್ತಾಗಿದೆ, ಎಲ್ಲ ನೆನಪಿದೆ’ ಎಂದಳು. ರೋಗಿಯನ್ನು ಸಮಾಧಾನ ಮಾಡುವ ಮಾತು ಎಂದುಕೊಂಡೆ. ಅಕ್ಕ ಮಾತ್ರ, ‘ಮರೀಬೇಡ’ ಎಂದು ಅವಳ ಕೈ ಹಿಡಿದುಕೊಂಡರು.

ಎರಡು ದಿನ ಬಿಟ್ಟು ಬೆಳಿಗ್ಗೆ ಅಕ್ಕನ ಮಗಳ ಫೋನ್ ಬಂತು: ರಾತ್ರಿ ಅಕ್ಕ ತೀರಿಕೊಂಡಿದ್ದರು. ನಾನು ಹೋಗುವ ಹೊತ್ತಿಗೆ ಮಗಳು ಒಳಗೆ ಕೂತಿದ್ದಳು. ಆ ನರ್ಸ್ ಹೊರಗೆ ಬಾಗಿಲ ಬಳಿ ನಿಂತಿದ್ದಳು. ನನ್ನನ್ನು ಗುರುತಿಸಿ ಹತ್ತಿರ ಬಂದಳು.

‘ಅಜ್ಜಿಯನ್ನು ಕೇಳಿದೆ. ಇಲ್ಲಿ ತರಕಾರಿ ತೋಟ ಇತ್ತಂತೆ. ಚೀನೀ ಸಂಸಾರದವರು ಬೆಳೆಯುತ್ತಿದ್ದರು, ಹೂಕೋಸು. ಎಲ್ಲಿ ನೋಡಿದರೂ ಬೆಳ್ಳಗೆ ಹೂಕೋಸು ಅಂದಳು. ನಿನ್ನೆ ಮಧ್ಯಾಹ್ನ ಬಂದು ಅವರಿಗೆ ಹೇಳಿದೆ.’

‘ಕೇಳಿಸಿತಾ ಅವರಿಗೆ?’

‘ಹ್ಞಾಂ. ಕಣ್ಣು ಬಿಟ್ಟರು. ಆಮೇಲೆ ಕೇಳಿದರು, ಅದನ್ನು ತಿಂದವರು ಯಾರು ಅಂತ.’

‘ನೀವೇನಂದ್ರಿ?’



‘ನಾವೇ ಅಂದೆ. ನನ್ನ ಅಜ್ಜಿ, ಅವಳ ಮಕ್ಕಳು, ಈ ಬೀದಿಯವರೆಲ್ಲ. ಅದಕ್ಕವರು, ಹೇಗೆ ಬೇಯಿಸುತ್ತಿದ್ದಿರಿ ಅಂತ ಕೇಳಿದರು. ನಾನು ಮಂಚದ ಪಕ್ಕ ಕೂತು ಎಲ್ಲ ಹೇಳಿದೆ.’